ಎದುರು ಕಿಟಕಿಯ ನಗು

ವರ್ಷಿಣಿಯ ಟ್ರಂಪೆಟ್ ತಪ್ಪಿದ ಕೂಡಲೇ ಎದುರು ಕಿಟಕಿಯಲ್ಲಿದ್ದವನು ನಕ್ಕ.

ಇದು ಒಂಬತ್ತನೆಯ ದಿನ. ಬ್ಯಾಂಡ್ ಅಭ್ಯಾಸ ಶಾಲೆಯ ತಾರಸಿಯ ಮೇಲೆ, ಮಧ್ಯಾಹ್ನ ಮೂರಕ್ಕೆ. ಕಾಶಿಯ ಜಂಗಮವಾಡಿಯ ಆ ಗಲ್ಲಿ ಎಷ್ಟು ಕಿರಿದೆಂದರೆ ಎದುರಿನ ಹಳದಿ ಮನೆಯ ಕಿಟಕಿಯಲ್ಲಿ ನಿಂತವನ ಗಡ್ಡದ ಬಿಳಿ ಕೂದಲೂ ಕಾಣುತ್ತಿತ್ತು. ಐವತ್ತು ದಾಟಿದ ಗಂಡಸು. ಹದಿನೆಂಟು ಮಕ್ಕಳು ಬಾರಿಸುವಷ್ಟು ಹೊತ್ತೂ ಅವನು ವರ್ಷಿಣಿಯನ್ನೇ ನೋಡುತ್ತಿದ್ದ. ನಡುವೆ ಎಲ್ಲ ವಾದ್ಯಗಳೂ ನಿಂತು ಟ್ರಂಪೆಟ್ ಒಂದೇ ಊದಬೇಕಾದ ಸಾಲಿತ್ತು. ಅದರಲ್ಲಿನ ಎತ್ತರದ ಸ್ವರ ದಿನವೂ ಒಡೆಯುತ್ತಿತ್ತು. ಅದು ಒಡೆದ ಮೇಲೆ ಅವನು ನಗುತ್ತಿದ್ದ, ಒಳಗೆ ತಿರುಗುತ್ತಿದ್ದ. ಕತ್ತಲ ಕೋಣೆಯಿಂದ ಒಂದು ಒಡಕು ದನಿ ಚೀರುತ್ತಿತ್ತು. ಸ್ಟೀಲ್ ಬಟ್ಟಲು ಸದ್ದಾಗುತ್ತಿತ್ತು. ಕಿಟಕಿ ಮುಚ್ಚುತ್ತಿತ್ತು.

ಒಳಗೆ ಯಾರನ್ನೋ ಕೂಡಿಹಾಕಿದ್ದಾನೆ ಎಂದು ವರ್ಷಿಣಿಗೆ ಅನಿಸಿತು. ಮನೆಯಲ್ಲಿ ಹೇಳಿದಳು. ರೈಲ್ವೆಯಲ್ಲಿದ್ದ ಅಪ್ಪ, ಅದು ಯಾತ್ರಿಕರ ಧರ್ಮಶಾಲೆ, ಬೋರ್ಡ್ ನೋಡಿದ್ದೇನೆ ಅಂದರು. ಅವಳೂ ಬೋರ್ಡಿನ ಮೊದಲ ಪದ ಓದಿದ್ದಳು. ಜನ ಸೈಕಲ್ ರಿಕ್ಷಾದಲ್ಲಿ ಬರುತ್ತಿದ್ದರು, ಸಣ್ಣ ಚೀಲದೊಂದಿಗೆ. ಯಾತ್ರಿಕರ ಹಾಗೆ ಬೆಳಿಗ್ಗೆ ಎದ್ದು ಗಂಗೆಗೆ ಹೊರಟವರನ್ನು ಮಾತ್ರ ಅವಳು ಕಂಡಿರಲಿಲ್ಲ.

ಆ ದಿನ ಅಭ್ಯಾಸ ಮುಗಿದ ಮೇಲೆ ಬ್ಯಾಂಡ್ ಮಾಸ್ತರು ರಘುನಾಥ ಅವಳನ್ನು ನಿಲ್ಲಿಸಿದರು. ಶುಕ್ರವಾರ ಕೊನೆಯ ಪರೀಕ್ಷೆ. ಅಂದೂ ಸ್ವರ ಒಡೆದರೆ ಆ ಸಾಲು ಮಾಳವಿಕಾಗೆ, ವರ್ಷಿಣಿಗೆ ಕಂಚಿನ ತಾಳ. "ತಾಳ ಒಡೆಯೋದಿಲ್ಲ ಬಿಟಿಯಾ," ಅಂದರು. ಮಕ್ಕಳು ನಕ್ಕರು.

ಅಪ್ಪನಿಗೆ ಹುಬ್ಬಳ್ಳಿಯಿಂದ ವರ್ಗವಾಗಿ ಐದು ತಿಂಗಳಾಗಿತ್ತು. ಅವಳ ಹಿಂದಿಗೆ ಇಡೀ ಹತ್ತನೆಯ ತರಗತಿ ನಗುತ್ತಿತ್ತು. ಆ ಶಾಲೆಯಲ್ಲಿ ಅವಳಿಗೆ ಬಾಯಿ ಅಂತ ಇದ್ದದ್ದು ಟ್ರಂಪೆಟ್ ಒಂದೇ.

ಮಂಗಳವಾರ ಟ್ರಂಪೆಟ್ಟಿನ ಪೆಟ್ಟಿಗೆಯಲ್ಲಿ ಚೀಟಿ ಸಿಕ್ಕಿತು. ಔಷಧಿ ಅಂಗಡಿಯ ಬಿಲ್ಲಿನ ಹಿಂಬದಿ, ಕನ್ನಡದಲ್ಲಿ: "ಆ ಸಾಲು ಸರಿ ಮಾಡಬೇಡ."

ಶಾಲೆಯಲ್ಲಿ ಕನ್ನಡ ಬರೆಯಬಲ್ಲವರು ಇಬ್ಬರೇ. ಇನ್ನೊಬ್ಬಳು ಮಾಳವಿಕಾ, ಬ್ಯಾಂಕ್ ಅಧಿಕಾರಿಯ ಮಗಳು, ಎರಡನೆಯ ಟ್ರಂಪೆಟ್. ವರ್ಷಿಣಿ ಚೀಟಿಯನ್ನು ಅವಳ ಮುಖಕ್ಕೆ ಹಿಡಿದಳು.

"ನಾನು ಬರೆದಿದ್ದಲ್ಲ. ನಾವು ಕನ್ನಡ ಮಾತಾಡೋದು ಕೇಳಿ ಎದುರು ಮನೆಯವರು ನಿಂಗೆ ಕೊಡು ಅಂದ್ರು, ಪೆಟ್ಟಿಗೇಲಿ ಹಾಕಿದೆ," ಅಂದಳು ಮಾಳವಿಕಾ. "ಅಲ್ಲ ಕಣೇ, ನೀನು ತಪ್ಪೋಕೆ ಚೀಟಿ ಬೇರೆ ಬೇಕಾ?"

ಅವಳು ಬರೀ ತಲುಪಿಸಿದ್ದು ಎಂದು ವರ್ಷಿಣಿ ನಂಬಲಿಲ್ಲ. ಅವನೂ ಇವಳೂ ಒಂದೇ ಎಂದು ತೀರ್ಮಾನಿಸಿದಳು.

ಬುಧವಾರ ಶಾಲೆ ಬಿಟ್ಟಾಗ ಅವನು ಗಲ್ಲಿಯ ತಿರುವಿನಲ್ಲಿ ನಿಂತಿದ್ದ. ಒಂದು ಹಸು, ಒಂದು ಗೋಡೆ, ನಡುವೆ ಅವನು. ದಾಟಲು ಜಾಗವಿರಲಿಲ್ಲ.

"ತಂಗಿ, ನಿಲ್ಲು. ಚೀಟಿ ಓದಿದೇನು?"

ಅವಳು ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡಳು.

"ಊದು, ಬ್ಯಾಡ ಅನ್ನೂದಿಲ್ಲ. ಆ ಸಾಲು ಮಾತ್ರ ಸರಿ ಊದಬ್ಯಾಡ." ಅವನ ದನಿ ತಗ್ಗಿತು. "ಸರಿ ಊದಿದ್ರ ಒಂದು ಜೀವ ಹೋಗತದ."

ವರ್ಷಿಣಿ ಹಸುವಿನ ಹೊಟ್ಟೆಗೆ ಒರಸಿಕೊಂಡು ನುಗ್ಗಿ ಓಡಿದಳು. ಅವನು ಹಿಂದಿನಿಂದ ಮತ್ತೇನೋ ಹೇಳುತ್ತಿದ್ದ. ಅದು ಕೇಳಿಸಲಿಲ್ಲ. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅಪ್ಪ ಬ್ಯಾಂಡೇ ಬಿಡಿಸುತ್ತಿದ್ದರು.

ಹೆದರಿಕೆ ರಾತ್ರಿಗೆ ಸಿಟ್ಟಾಯಿತು. ಗುರುವಾರ ಹೊಟ್ಟೆನೋವು ಎಂದು ಶಾಲೆಗೆ ಹೋಗಲಿಲ್ಲ. ಕ್ವಾರ್ಟರ್ಸಿನ ಬಚ್ಚಲುಮನೆಯಲ್ಲಿ ಟ್ರಂಪೆಟ್ಟಿನ ಬಾಯಿಗೆ ಟವೆಲ್ ತುರುಕಿ ಆ ಒಂದು ಸಾಲನ್ನೇ ಊದಿದಳು. ತುಟಿ ಒಡೆಯಿತು. ಸಂಜೆಯ ಹೊತ್ತಿಗೆ ಸ್ವರ ಒಡೆಯುವುದು ನಿಂತಿತು.

ಶುಕ್ರವಾರ ಮೂರು ಗಂಟೆ. ಅವನು ಕಿಟಕಿಯಲ್ಲಿದ್ದ. ಅವಳನ್ನು ಕಂಡು ಕೈ ಮುಗಿದ. ಅಣಕಿಸುತ್ತಿದ್ದಾನೆ ಅಂದುಕೊಂಡಳು. ಮಾರ್ಚಿಂಗ್ ಧಾಟಿ ಶುರುವಾಯಿತು, ಡ್ರಮ್ಮುಗಳು ನಿಂತವು. ವರ್ಷಿಣಿ ಅವನ ಕಣ್ಣನ್ನೇ ನೋಡುತ್ತ ಊದಿದಳು. ಸ್ವರ ಮೇಲೇರಿತು, ನಿಂತಿತು, ನೆಟ್ಟಗೆ ಇಳಿಯಿತು.

ಅವನು ನಗಲಿಲ್ಲ. ಒಳಗೆ ತಿರುಗಿದ. ಚೀರಾಟ ಬರಲಿಲ್ಲ, ಬಟ್ಟಲಿನ ಸದ್ದೂ ಇಲ್ಲ. ಕತ್ತಲ ಕೋಣೆಯಿಂದ ಬಂದದ್ದು ಚಪ್ಪಾಳೆ. ಎರಡೇ ಸಲ, ಬಹಳ ಮೆಲ್ಲಗೆ.

ರಘುನಾಥ ಮಾಸ್ತರು ಸಾಲು ಅವಳದೇ ಅಂದರು. ಮಾಳವಿಕಾ ಎಲ್ಲರಿಗಿಂತ ಮೊದಲು ಬೆನ್ನು ತಟ್ಟಿದಳು. ಅದು ವರ್ಷಿಣಿಗೆ ಸ್ವಲ್ಪ ಇರುಸುಮುರುಸಾಯಿತು.

ಶನಿವಾರ ಬೆಳಿಗ್ಗೆ ಹಳದಿ ಮನೆಯ ಮುಂದೆ ಬಿದಿರಿನ ಚಟ್ಟ ಸಿದ್ಧವಾಗುತ್ತಿತ್ತು. ಅವನು ಮೆಟ್ಟಿಲ ಮೇಲೆ ಕೂತಿದ್ದ. ಅವನ ತಲೆಯ ಮೇಲಿದ್ದ ಬೋರ್ಡನ್ನು ವರ್ಷಿಣಿ ಅಂದು ಪೂರ್ತಿ ಓದಿದಳು. ಧರ್ಮಶಾಲೆ. ಕಾಶಿಯಲ್ಲಿ ಪ್ರಾಣ ಬಿಡಲು ಬಂದವರಿಗೆ ಮಾತ್ರ.

ಅವಳು ಮೆಟ್ಟಿಲ ಬಳಿ ಬಂದಳು. ಅವನು ತಲೆ ಎತ್ತಿದ. ಮುಖದಲ್ಲಿ ಸಿಟ್ಟಿರಲಿಲ್ಲ.

"ನಮ್ಮವ್ವ," ಅಂದ. "ಗದಗಿನಾಗ ಮೂವತ್ತೊಂದು ವರ್ಷ ಹೈಸ್ಕೂಲಿನ ಹುಡುಗ್ಯಾರಿಗೆ ಬ್ಯಾಂಡ್ ಕಲಿಸಿದಾಕಿ. ಇಲ್ಲಿಗೆ ಸಾಯಲಿಕ್ಕೇ ಬಂದಿದ್ಲು, ಅನ್ನ ನೀರು ಬಿಟ್ಟಿದ್ಲು. ಎರಡು ದಿನ ಅಂದಿದ್ರು ಡಾಕ್ಟರು. ನೀ ತಪ್ಪಿದಾಗೊಮ್ಮೆ ಎದ್ದು ಕೂತು ನಿನಗ ಬೈತಿದ್ಲು. ಬೈದು ದಣಿದು ಒಂದು ಬಟ್ಟಲ ಗಂಜಿ ಕುಡೀತಿದ್ಲು."

ಅವನು ಚಟ್ಟದ ಕಡೆ ನೋಡಿದ.

"ನಿನ್ನೆ ಅಕಿಗೆ ಬೈಲಿಕ್ಕೆ ಏನೂ ಸಿಗಲಿಲ್ಲ."