ಬಾಗಿಲು ಹಾಕಿದ ಮೇಲೆ

ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಕೆಲಸದ ಬೂಟು ಮೆಟ್ಟಿಕೊಂಡು, ಗಗನಸಖಿ ತನ್ನದೇ ಮನೆಯ ತಾರಸಿಗೆ ಹೊರಟಳು. "ಇನ್ನು ಐದು ಗಂಟೆ ನಾನು ಮನೇಲಿಲ್ಲ. ನೀವುಂಟು, ನಿಮ್ಮ ಮೊಮ್ಮಗಳುಂಟು."

ಸೋಮವಾರ ಅವಳು ಕೆಲಸಕ್ಕೆ ಮರಳಬೇಕಿತ್ತು. ಬಾಣಂತಿ ಎಂದು ಇದ್ದುದರಲ್ಲಿ ಹತ್ತಿರದ ಹಾರಾಟವನ್ನೇ ಕೊಟ್ಟಿದ್ದರು. ಎರಡು ನಿಲ್ದಾಣಗಳ ನಡುವೆ ಆರುನೂರು ಕಿಲೋಮೀಟರು. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಅಲ್ಲಿ ಕಾಯುವುದು, ಮನೆಯಿಂದ ಹೋಗಿಬರುವುದು ಎಲ್ಲ ಸೇರಿದರೆ ಐದು. ಆದರೆ ಎಂಟು ತಿಂಗಳ ಮಗಳು ಬಟ್ಟಲ ಹಾಲಿಗೆ ಬಾಯಿ ತಾಗಿಸುತ್ತಿರಲಿಲ್ಲ. ತಾಯಿಯ ದನಿ ಕೇಳಿದರಂತೂ ಮುಗಿಯಿತು. "ಅವಳು ಕುಡೀದಿದ್ರೆ ರಾಜೀನಾಮೆ ಕೊಟ್ಬಿಡು," ಎಂದು ಗಂಡ ಮೆತ್ತಗೆ ಹೇಳಿದ್ದ. ಮೆತ್ತಗೆ ಹೇಳಿದ್ದರಿಂದ ಜಗಳವಾಡಲೂ ಆಗಿರಲಿಲ್ಲ. ಅದಕ್ಕೇ ಈ ತಾಲೀಮು.

"ಮೋಡದ ಮೇಲೆ ನೀರಿನ ಲೋಟ ಹಂಚೋಕೆ ಇಷ್ಟೊಂದು ಕಸರತ್ತಾ ತಾಯಿ?" ಅತ್ತೆ ಕೆಳಗಿನಿಂದ ಕುಟುಕಿದ್ದು ಅವಳಿಗೆ ಕೇಳಿಸಿತು.

ಮೊದಲ ಮೂರು ಗಂಟೆ ಮಗು ಆಡಿತು, ಮಲಗಿತು. ಎದ್ದಿದ್ದೇ ಅಳು ಶುರು. ಮೊದಲು ರಾಗ, ಆಮೇಲೆ ಮನೆ ಹಾರಿಹೋಗುವಂಥ ಕಿರುಚಾಟ. ತಾರಸಿಯಲ್ಲಿ ಅವಳು ಒಣಗಿದ ಬಟ್ಟೆ ಮಡಿಚಿದಳು. ಮಡಿಚಿದ್ದನ್ನು ಕೊಡವಿ ಮತ್ತೆ ಮಡಿಚಿದಳು. ಎದೆ ಬಿಗಿದು ಅಂಗಿ ಒದ್ದೆಯಾಯಿತು. ನಾನು ಆರುನೂರು ಕಿಲೋಮೀಟರು ದೂರದಲ್ಲಿದ್ದೇನೆ, ಎಂದು ತುಟಿ ಕಚ್ಚಿ ಹೇಳಿಕೊಂಡಳು. ಇದ್ದದ್ದು ಒಂದು ಮಹಡಿಯಷ್ಟು ದೂರ.

ಮಗುವಿನ ಗಂಟಲು ಕಟ್ಟಿದಾಗ ಮಾತ್ರ ತಡೆಯಲಾಗಲಿಲ್ಲ. ಹಾಳಾಗಿ ಹೋಗಲಿ ಕೆಲಸ ಎಂದು ಓಡಿ ಬಂದು ತಾರಸಿಯ ಬಾಗಿಲು ಎಳೆದಳು. ಒಳಗಿನಿಂದ ಚಿಲಕ ಹಾಕಿತ್ತು.

"ಯಾರಿದು ಹಾಕಿದ್ದು? ತೆಗೀರಿ!"

"ಶ್! ದನಿ ಎತ್ತಬೇಡ, ಅವಳಿಗೆ ಕೇಳುತ್ತೆ." ಬಾಗಿಲಾಚೆ ಅತ್ತೆ. ಮಗುವನ್ನು ಮಗನಿಗೆ ಒಪ್ಪಿಸಿ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. "ವಿಮಾನದ ಬಾಗಿಲು ಹಾಕಿದ ಮೇಲೆ ಯಾರು ಬಂದು ಬಡಿದ್ರೂ ತೆಗೆಯಲ್ಲ ಅಂತ ಜಂಬ ಕೊಚ್ಚಿದವಳು ನೀನೇ ತಾನೆ?"

"ಅತ್ತೇ, ಅಳ್ತಿದಾಳೆ..."

"ನಿನ್ನ ಗಂಡನೂ ಕೂಸಾಗಿದ್ದಾಗ ಹೀಗೇ ಅತ್ತ. ನಾನು ಆಫೀಸಲ್ಲಿ ಟೈಪ್ ಮಾಡ್ತಿದ್ದ ಹಾಳೆ ಮೆಷಿನ್ನಲ್ಲೇ ಬಿಟ್ಟು ಓಡಿ ಬಂದೆ. ಐದೇ ನಿಮಿಷಕ್ಕೆ ಕೈಕಾಲು ಬಡಿದು ನಗ್ತಿದ್ದ, ಕಳ್ಳ. ಆ ಹಾಳೆ ಯಾರು ಮುಗಿಸಿದರೋ ಗೊತ್ತಿಲ್ಲ."

ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕುಸಿದು ಕೂತಳು. ಆಚೆ ಬದಿಯಲ್ಲೂ ಮಂಡಿ ಲಟಕ್ಕೆಂದಿತು, ಅತ್ತೆಯೂ ಕೂತರು.

ಕೆಳಗೆ ಅಳು ಬಿಕ್ಕಳಿಕೆಯಾಯಿತು. ಬಿಕ್ಕಳಿಕೆಯೂ ನಿಂತಿತು. ಬಟ್ಟಲಿಗೆ ಚಮಚ ತಾಗಿದ ಸದ್ದು. ಇನ್ನೊಮ್ಮೆ. ಮತ್ತೊಮ್ಮೆ.

"ಅಮ್ಮಾ, ಕುಡೀತಿದಾಳೆ! ಇನ್ನು ಅವಳಿಗೆ ಕೆಳಗೆ ಬಾ ಅನ್ನು!" ಗಂಡ ಕೂಗಿದ.

ಬಾಗಿಲಿನ ಎರಡೂ ಕಡೆ ಯಾರೂ ಏಳಲಿಲ್ಲ.

"ಇಳಿಯೋಕೆ ಇನ್ನೂ ಮುಕ್ಕಾಲು ಗಂಟೆ ಇದೆ ಕಣೋ," ಎಂದರು ಅತ್ತೆ. "ಅಲ್ಲಿವರೆಗೂ ಬೆಲ್ಟ್ ಬಿಚ್ಚಬಾರದಂತೆ."