ಅಣ್ಣನ ಹಗುರ ಬೂಟು

ಹೊಸ ಬೂಟಿನ ಪೆಟ್ಟಿಗೆ ತೆರೆದಾಗ ಬರುವ ಅಂಟಿನ ವಾಸನೆ ಮೂಗಿಗೆ ತಾಕಿದರೆ ನನಗೆ ಈಗಲೂ ನಮ್ಮೂರು ತಳಕಿನ ಶಾಲೆ ಬಯಲಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನನ್ನ ಅಣ್ಣ ಓಟದಲ್ಲಿ ಎಲ್ಲರಿಗಿಂತ ಹಿಂದೆ. ಫುಟ್‌ಬಾಲ್ ಟೀಮಿನವರು ಅವನನ್ನು ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಅದನ್ನು ನೋಡಲಾರದೆ ಲಾರಿ ಓಡಿಸುತ್ತಿದ್ದ ಮಾವ ಬಳ್ಳಾರಿಯಿಂದ ಕಿತ್ತಳೆ ಬಣ್ಣದ ಹಗುರ ಬೂಟು ತಂದುಕೊಟ್ಟ. "ಇದನ್ನ ಹಾಕ್ಕಂಡ್ರೆ ಕಾಲು ತಾವೇ ಓಡ್ತಾವೆ ಕಣಲೇ" ಅಂದ. ಕುರಿ ಕಾಯುತ್ತಿದ್ದ ತಾತ ಒಂದು ಬೂಟನ್ನು ಅಂಗೈ ಮೇಲಿಟ್ಟು ತೂಗಿ ನೋಡಿದ.

"ಹಪ್ಪಳಕ್ಕೆ ದಾರ ಕಟ್ಟಿದಂಗೈತೆ. ಇದನ್ನ ಕಾಲಿಗೆ ಹಾಕ್ಕಬೇಕಾ, ಕರಿದು ತಿನ್ಬೇಕಾ?"

ಬೂಟು ನೋಡಿಯೇ ಟೀಮಿನವರು ಕೊಂಡ್ಲಹಳ್ಳಿ ಹುಡುಗರ ಎದುರಿನ ಆಟಕ್ಕೆ ಅಣ್ಣನನ್ನು ಸೇರಿಸಿಕೊಂಡರು. ಚೆಂಡು ಕಾಲಿಗೆ ಸಿಕ್ಕಿದ್ದೇ ತಡ, ಅವನು ಗಾಳಿಯಂತೆ ಓಡಿದ. ಚೆಂಡು ಮಾತ್ರ ಹಿಂದೆಯೇ ಉಳಿಯಿತು. ಅದು ಗೊತ್ತಾಗಿ ಎದುರಾಳಿಗಳ ಗೋಲಿನ ಮುಂದೆ ನಿಂತು ಹಿಂದಕ್ಕೆ ತಿರುಗುವಷ್ಟರಲ್ಲಿ ಜಾಲಿ ಮುಳ್ಳೊಂದು ಬೂಟಿನ ತೆಳ್ಳನೆ ತಳ ದಾಟಿ ಪಾದಕ್ಕೆ ಹೊಕ್ಕಿತು. ಅವನು ಅಲ್ಲೇ ಕಾಲು ಹಿಡಿದು ಕುಕ್ಕರಿಸಿದ. ನಮ್ಮವರು ಯಾರೋ ಒದ್ದ ಚೆಂಡು ಅವನ ತಲೆಗೆ ಬಡಿದು, ದಿಕ್ಕು ತಪ್ಪಿ, ಗೋಲಿನೊಳಗೆ ಹೋಯಿತು.

ನಾವು ಗೆದ್ದೆವು. ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತುಕೊಂಡೇ ಮನೆಗೆ ತಂದರು.

ಅವ್ವ ಪಿನ್ನು ಹಿಡಿದು ಮುಳ್ಳು ತೆಗೆಯುತ್ತಿದ್ದಳು. ಅಣ್ಣನಿಗೆ ನೋವಿನ ಚಿಂತೆಯೂ ಇರಲಿಲ್ಲ, ಗೋಲಿನ ಚಿಂತೆಯೂ ಇರಲಿಲ್ಲ.

"ನಾ ಓಡಿದ್ದು ನೋಡಿದ್ಯಾ?" ಅಂತ ನನ್ನನ್ನು ಮೆಲ್ಲಗೆ ಕೇಳಿದ.

"ನೋಡ್ದೆ ಕಣಣ್ಣ. ಚೆಂಡಿಗೂ ನಿನ್ನ ಹಿಡಿಯಾಕಾಗ್ಲಿಲ್ಲ" ಅಂದೆ.