ಡಾಕ್ಟರು ಕತ್ತರಿಸಿದ ಮಾತು

"ಬಾಯಿ ಇನ್ನೂ ಅಗಲ ಮಾಡಿ," ಎಂದರು ಹಲ್ಲಿನ ಡಾಕ್ಟರು. ಕುರ್ಚಿಯಲ್ಲಿ ಒರಗಿದ್ದವಳು ಮಾಡಿದಳು. ಹೊರಗೆ ಕಾಯುವ ಕೋಣೆಯ ಸ್ಪೀಕರಿನಲ್ಲಿ ಅವಳದೇ ದನಿ ಕಾದಂಬರಿ ಓದುತ್ತಿತ್ತು.

ಹೊರಗಿನ ಸದ್ದು ಸೇರದಿರಲೆಂದು ಮನೆಯ ಬಟ್ಟೆ ಬೀರುವಿನೊಳಗೆ ತಲೆ ತೂರಿಸಿ, ಬೆವರು ಸುರಿಸಿಕೊಂಡು ಓದಿ ರೆಕಾರ್ಡ್ ಮಾಡಿದ ಪುಸ್ತಕ. ಯಾರು ಬೇಕಾದರೂ ಪುಕ್ಕಟೆ ಕೇಳಬಹುದು, ಹಂಚಬಹುದು. ಪ್ರತಿ ಅಧ್ಯಾಯದ ಕೊನೆಗೆ ಒಂದೇ ಮಾತು: "ಹಿಡಿಸಿದ್ದರೆ ಕೈಲಾದಷ್ಟು ಕೊಡಿ, ಕೊಡದಿದ್ದರೂ ಕೇಳುತ್ತಿರಿ." ಹಾಗೆ ಬಂದ ದುಡ್ಡಲ್ಲೇ ಓದು ನಡೆಯಬೇಕು. ಈಚೆಗೆ ಅದೂ ಬತ್ತಿ, ಇದೇ ಕೊನೆಯ ಪುಸ್ತಕವೇನೋ ಅನ್ನುವ ಹಾಗಾಗಿತ್ತು. ಸಾಲದ್ದಕ್ಕೆ ಮುಂದಿನ ಹಲ್ಲು ಮುರಿದು ಮಾತೆಲ್ಲ ಪುಸಪುಸ. ಕೊನೆಯ ಅಧ್ಯಾಯ ಹಾಗೇ ನಿಂತಿತ್ತು. ಆ ಪುಸಪುಸದಲ್ಲಿ ಡಾಕ್ಟರಿಗೆ ಅವಳ ದನಿಯ ಗುರುತೇ ಸಿಕ್ಕಿರಲಿಲ್ಲ.

"ಚೆನ್ನಾಗಿ ಓದ್ತಾಳೆ ಅಲ್ವಾ?" ಡಾಕ್ಟರು ಬಗ್ಗಿ ಕೆಲಸ ಮಾಡುತ್ತಲೇ ಕೇಳಿದರು. "ಇಲ್ಲಿಗೆ ಬಂದೋರು ನೋವೇ ಮರೀತಾರೆ. ಎರಡು ವರ್ಷದಿಂದ ಇವಳ ಪುಸ್ತಕಗಳನ್ನೇ ಹಾಕ್ತಿದೀನಿ, ಒಂದು ಪೈಸೆ ಖರ್ಚಿಲ್ಲ."

ಹಾಕಲಿ, ಹಂಚೋಕೇ ಅಲ್ವಾ ಓದಿದ್ದು? ಅವಳಿಗೆ ಖುಷಿಯೇ ಆಯಿತು.

"ಕೊನೆಗೆ ಮಾತ್ರ ದುಡ್ಡು ಕೇಳ್ತಾಳೆ ರೀ, ಭಿಕ್ಷೆ ಬೇಡಿದ ಹಾಗೆ. ಕ್ಲಿನಿಕ್ಕಿನ ಮರ್ಯಾದೆ ಏನಾಗ್ಬೇಕು? ಆ ಮಾತು ಕತ್ತರಿಸಿಬಿಟ್ಟಿದೀನಿ. ಈಗ ನೋಡಿ, ಈ ಪುಸ್ತಕದ ಕೊನೆ ಅಧ್ಯಾಯಾನೇ ಅವಳು ಓದಿ ಹಾಕಿಲ್ಲ. ಜವಾಬ್ದಾರಿ ಬೇಡ್ವಾ ಜನಕ್ಕೆ!"

ಅವಳ ಮೈಯೆಲ್ಲ ಉರಿದುಹೋಯಿತು. ದಿನಕ್ಕೆ ಮೂವತ್ತು ಜನ ಅಂದರೂ, ಎರಡು ವರ್ಷ! ಒಬ್ಬರ ಕಿವಿಗೂ ಬೀಳದ ಹಾಗೆ ಮಾಡಿದನಲ್ಲ, ಪುಣ್ಯಾತ್ಮ! ಬೈಯೋಣವೆಂದರೆ ಬಾಯಿತುಂಬ ಹತ್ತಿ. "ಆಂ... ಆಂ..." ಎಂದಳು.

"ನೋವಾಯ್ತಾ? ಆಯ್ತು, ಆಯ್ತು, ಮುಗೀತು."

ಹಲ್ಲು ಕಟ್ಟಿದ್ದಾಯಿತು. ಬಾಯಿ ಮುಕ್ಕಳಿಸಿದವಳೇ ಸೀದಾ ಕಾಯುವ ಕೋಣೆಗೆ ಬಂದಳು. ಡಾಕ್ಟರು ಫೀಸಿನ ಚೀಟಿ ಹಿಡಿದು ಹಿಂದೆಯೇ ಬಂದರು. ಸ್ಪೀಕರಿನಲ್ಲಿ ಅಧ್ಯಾಯ ಆಗಷ್ಟೇ ಮುಗಿದಿತ್ತು. ಬೆಂಚಿನ ಮೇಲೆ ಕೆನ್ನೆ ಹಿಡಿದು ಕೂತಿದ್ದ ಐದಾರು ಜನರ ಮುಂದೆ ನಿಂತು ಹೇಳಿದಳು: "ಹಿಡಿಸಿದ್ದರೆ ಕೈಲಾದಷ್ಟು ಕೊಡಿ, ಕೊಡದಿದ್ದರೂ ಕೇಳುತ್ತಿರಿ."

ಎಲ್ಲರೂ ಸ್ಪೀಕರನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. ಅದೇ ದನಿ! ಡಾಕ್ಟರ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಅಯ್ಯೋ ಮೇಡಂ, ನೀವೇನಾ ಅದು? ಫೀಸು ಬೇಡ, ಬಿಡಿ!"

"ಯಾಕೆ ಬೇಡ? ನಿಮ್ಮ ಕೆಲಸಕ್ಕೆ ನೀವು ಕೇಳ್ತೀರಿ, ಕೊಡ್ತೀನಿ." ದುಡ್ಡು ಮೇಜಿನ ಮೇಲಿಟ್ಟಳು. "ನನಗೆ ಕೊಡೋದು ಬಿಡೋದು ಅವರವರ ಇಷ್ಟ. ಆದ್ರೆ ಹಲ್ಲು ಕೀಳೋದು ನಿಮ್ಮ ಕೆಲಸ ಡಾಕ್ಟ್ರೇ, ನಾಲಿಗೆ ಕೀಳೋದಲ್ಲ."